ಎರಡು ಬಿಲ್, ಒಂದೇ ಗುಂಡಿ

ಸಣ್ಣ ಇಂಟರ್ನೆಟ್ ಸೇವಾದಾರರ ನಡುವೆ ಒಂದು ಮಾತು ವೇದವಾಕ್ಯದಂತೆ ಓಡಾಡುತ್ತದೆ: ಎರಡು ಕಂಪನಿಗಳಿಂದ ಎರಡು ಲೈನ್ ತಗೊಳ್ಳಿ, ಒಂದು ಸತ್ತರೆ ಟ್ರಾಫಿಕ್ಕನ್ನು ಇನ್ನೊಂದಕ್ಕೆ ತಿರುಗಿಸುವ ಬಿಜಿಪಿ ಹಾಕಿ, ನಿಶ್ಚಿಂತೆಯಾಗಿ ಮಲಗಿ. ಈ ಮಾತನ್ನು ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಒಬ್ಬ. ಈಗ ಅದರ ಮೇಲೆ ನನಗೆ ಸಿಟ್ಟಿದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಬಿಲ್ಲುಗಳನ್ನು ಎಣಿಸುವುದನ್ನು ಕಲಿಸಿ, ದಾರಿಗಳನ್ನು ನೋಡುವುದನ್ನು ಮರೆಸುತ್ತದೆ.

ಮೈಸೂರಿನ ಹೆಬ್ಬಾಳದಲ್ಲಿ (ಬೆಂಗಳೂರಿನದ್ದಲ್ಲ, ಇದನ್ನು ಪ್ರತಿ ಕಸ್ಟಮರ್ ಕೇರ್‌ಗೂ ಬಿಡಿಸಿ ಹೇಳಬೇಕು) ಕೈಗಾರಿಕಾ ಪ್ರದೇಶದ ಅಂಚಿನ ಮನೆಗಳಿಗೆ, ವರ್ಕ್‌ಶಾಪುಗಳಿಗೆ ನಾವು ಲೈನ್ ಕೊಡುತ್ತಿದ್ದ ಕಾಲ. ಇನ್ಫೋಸಿಸ್ ಕ್ಯಾಂಪಸ್ ಇರುವ ಬಡಾವಣೆ. ಫೈಬರ್ ಎಳೆದುಕೊಡುತ್ತೇವೆ ಎನ್ನುವವರಿಗೆ ಬರವಿರಲಿಲ್ಲ. ಶಾಸ್ತ್ರೋಕ್ತವಾಗಿ ಎರಡು ಕಂಪನಿ, ಎರಡು ಲೈನ್ ಇಟ್ಟುಕೊಂಡಿದ್ದೆವು. ಒಂದು ಮಧ್ಯಾಹ್ನ ಎರಡೂ ಒಟ್ಟಿಗೆ ಸತ್ತವು. ಮೊದಲ ಕಂಪನಿಯ ಹುಡುಗ ಬಂದು ಓಟಿಡಿಆರ್ ಹಚ್ಚಿದ. ಫೈಬರಿನೊಳಗೆ ಬೆಳಕು ಬಿಟ್ಟು, ಅದು ಎಷ್ಟು ದೂರ ಹೋಗಿ ತಿರುಗಿತು ಎಂದು ಲೆಕ್ಕ ಹಾಕುವ ಡಬ್ಬಿ ಅದು. ‘3.4 ಕಿಲೋಮೀಟರ್ ಸಾರ್’ ಎಂದ. ಅರ್ಧ ಗಂಟೆ ಬಿಟ್ಟು ಬಂದ ಎರಡನೆಯ ಕಂಪನಿಯವನು ತನ್ನ ಡಬ್ಬಿ ನೋಡಿ ‘3.5’ ಎಂದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೋಗಿ ನೋಡಿದರೆ ರಿಂಗ್ ರೋಡಿನ ಬದಿಯಲ್ಲಿ ನೀರಿನ ಪೈಪಿಗೆಂದು ಜೆಸಿಬಿ ತೋಡಿದ ಗುಂಡಿ. ಎರಡು ಕಪ್ಪು ಕೇಬಲ್‌ಗಳು ಒಂದೇ ಹಲ್ಲಿಗೆ ಸಿಕ್ಕಿ ಹರಿದು ಪಕ್ಕಪಕ್ಕದಲ್ಲೇ ನೇತಾಡುತ್ತಿದ್ದವು. ಒಂದೊಂದರಲ್ಲೂ 24 ಎಳೆ. ನೀಲಿ, ಕಿತ್ತಳೆ, ಹಸಿರು ಎಂದು ಬಣ್ಣದ ಕ್ರಮ ಹಿಡಿದು, ಛತ್ರಿ ಅಡ್ಡ ಇಟ್ಟುಕೊಂಡು ಬೆಸೆಯುವಷ್ಟರಲ್ಲಿ ಕತ್ತಲಾಯಿತು.

ಇದು ನಮ್ಮೊಬ್ಬರ ದುರದೃಷ್ಟ ಎನ್ನಬಹುದು. ಅಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸೀ-ಮಿ-ವಿ 4 ಮತ್ತು ಫ್ಲ್ಯಾಗ್ ಎಂಬ ಎರಡು ಸಮುದ್ರ ಕೇಬಲ್‌ಗಳು ತುಂಡಾದಾಗ ಭಾರತದ ಇಂಟರ್ನೆಟ್ ದಿನಗಟ್ಟಲೆ ಕುಂಟಿತು. ಹೆಸರು ಬೇರೆ, ಒಡೆಯರು ಬೇರೆ, ಹಾದುಹೋಗುವ ನೀರು ಮಾತ್ರ ಒಂದೇ. 2001ರ ಜುಲೈಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ರೈಲು ಸುರಂಗಕ್ಕೆ ಬೆಂಕಿ ಬಿದ್ದಾಗಲೂ ಹಲವು ಕಂಪನಿಗಳ ಫೈಬರ್ ಒಟ್ಟಿಗೇ ಸುಟ್ಟಿತು. ಅಗೆತಕ್ಕೆ ಮುಂಚೆ ತಿಳಿಸಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಜೆಸಿಬಿಯ ಹಲ್ಲು ರಾಷ್ಟ್ರೀಯ ಸಮಸ್ಯೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎದುರು ವಾದವೂ ಗಟ್ಟಿಯಾದದ್ದೇ, ಒಪ್ಪುತ್ತೇನೆ. 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಜಾಲ ಒಂದು ತಪ್ಪು ಕಾನ್ಫಿಗರೇಶನ್ನಿನಿಂದ ಇಡಿಯಾಗಿ ಬಿದ್ದಾಗ, ಅದೊಂದನ್ನೇ ನಂಬಿದ್ದ ಇಂಟರಾಕ್ ಪಾವತಿ ವ್ಯವಸ್ಥೆಯೂ ನಿಂತಿತು. ಎರಡು ಕಂಪನಿಗಳ ಸೂತ್ರ ಅಂಥ ದಿನಕ್ಕೆ ನಿಜವಾದ ರಕ್ಷಣೆ. ಆದರೆ ಹೆಬ್ಬಾಳದಂಥ ಕಡೆ ನಮ್ಮನ್ನು ಕೆಡವುವುದು ಹತ್ತರಲ್ಲಿ ಒಂಬತ್ತು ಸಲ ಕಂಪನಿಯ ಕೋರ್ ರೂಟರ್ ಅಲ್ಲ. ಗುಂಡಿ, ಲಾರಿ ಗುದ್ದಿದ ಲೈಟ್ ಕಂಬ, ಸೆಸ್ಕ್‌ನ ಕರೆಂಟು. ರೋಗ ಒಂದಾದರೆ ಲಸಿಕೆ ಇನ್ನೊಂದಕ್ಕೆ.

ಸಾಮಾನ್ಯ ಅಭಿಪ್ರಾಯಕ್ಕೆ ಕಾಣದೇ ಹೋಗುವುದು ಇನ್ನೂ ಕೆಳಗಿದೆ. ಕಂಪನಿಗಳು ಒಬ್ಬರಿಂದೊಬ್ಬರು ಫೈಬರ್ ಎಳೆಗಳನ್ನು ಬಾಡಿಗೆಗೆ ಪಡೆಯುತ್ತವೆ. ಬಿಲ್ಲಿನ ಮೇಲೆ ‘ಬಿ’ ಕಂಪನಿಯ ಹೆಸರಿದ್ದರೂ ನೆಲದೊಳಗಿನ ಎಳೆ ‘ಎ’ ಕಂಪನಿಯದೇ ಆಗಿರಬಹುದು. ಹಾಗಾಗಿ ದರ ಕೇಳುವ ಮೊದಲು ದಾರಿಯ ನಕ್ಷೆ ಕೇಳಬೇಕು, ಅದೂ ಬೆಂಗಳೂರಿನವರೆಗೆ. ಮೈಸೂರಿನಿಂದ ಹೊರಡುವ ಫೈಬರಿಗೆ ಮಂಡ್ಯದ ಹೆದ್ದಾರಿಯೇ ಸಲೀಸು. 118 ಕಿಲೋಮೀಟರ್ ಹತ್ತು ಪಥದ ರಸ್ತೆಯಾಗಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಳ್ಳುವ ಮುಂಚೆ, ಕಾಮಗಾರಿ ನಡೆಯುತ್ತಿದ್ದಷ್ಟು ಕಾಲ, ಫೈಬರ್ ಹರಿಯಿತೆಂಬ ಫೋನು ಬಾರದ ವಾರವನ್ನು ನಾನು ಕಂಡಿಲ್ಲ. ಬೇರೆ ದಾರಿ ಇಲ್ಲವೆಂದಲ್ಲ. ರೈಲ್‌ಟೆಲ್‌ನ ಫೈಬರ್ ಹಳಿಯ ಬದಿ ಹಿಡಿಯುತ್ತದೆ. ಪವರ್ ಗ್ರಿಡ್‌ನದು ಹೈಟೆನ್ಷನ್ ಗೋಪುರಗಳ ತುದಿಯ ತಂತಿಯೊಳಗೆ ಸಾಗುತ್ತದೆ. ಅಲ್ಲಿಗೆ ಯಾವ ಜೆಸಿಬಿಯ ಕೈಯೂ ಎಟುಕದು. ಸಮೀಪದ ಹಂತಕ್ಕೆ ತಾರಸಿಯಿಂದ ತಾರಸಿಗೆ ಹಾರಿಸುವ 5.8 ಗಿಗಾಹರ್ಟ್ಸ್ ರೇಡಿಯೊ ಇದೆ. ‘ರೇಡಿಯೊನಾ? ಅದು ಬಡವರ ಲೈನ್’ ಎಂದು ಮೂಗು ಮುರಿಯುವವರಿದ್ದಾರೆ. ನಿಜ, ವೇಗ ಕಡಿಮೆ, ಪಕ್ಕದವರ ರೇಡಿಯೊ ಕಾಟ ಕೊಡುತ್ತದೆ. ಆದರೂ ಎರಡನೆಯ ಲೈನಿನ ಪ್ರಶ್ನೆ ಬಂದಾಗ, ಅದೇ ಗುಂಡಿಯ ಉತ್ತಮ ಫೈಬರಿಗಿಂತ ಬೇರೆ ದಾರಿಯ ಸಾಧಾರಣ ರೇಡಿಯೊ ನನಗೆ ಮೇಲು. ಅದು ತಲುಪುವ ಟವರಿನಿಂದ ಮುಂದೆ ಮತ್ತದೇ ಹೆದ್ದಾರಿಯೋ ಎಂದು ವಿಚಾರಿಸಬೇಕು, ಅಷ್ಟೆ.

ಲೆಕ್ಕದಲ್ಲೂ ಒಂದು ಆತ್ಮವಂಚನೆ ಇದೆ. ತಲಾ 1 ಜಿಬಿಪಿಎಸ್‌ನ ಎರಡು ಲೈನ್. ದುಡ್ಡು ಕೊಟ್ಟದ್ದನ್ನು ಖಾಲಿ ಬಿಡುವುದೇಕೆ ಎಂದು ಎರಡರಲ್ಲೂ 700 ಎಂಬಿಪಿಎಸ್ ಓಡಿಸುತ್ತೇವೆ. ಒಂದು ಬಿದ್ದ ಸಂಜೆ 1,400ನ್ನು 1,000ಕ್ಕೆ ತುರುಕಬೇಕು. ಆಗ ಎಲ್ಲರ ಫೋನಿನಲ್ಲೂ ಚಕ್ರ ತಿರುಗುತ್ತದೆ, ಮಾನಿಟರ್ ಮಾತ್ರ ‘ಲಿಂಕ್ ಅಪ್’ ಎನ್ನುತ್ತದೆ. ಖಾಲಿ ಇರುವ ಅರ್ಧವೇ ನಾವು ಕೊಂಡ ವಿಮೆ. ಅದನ್ನು ಮಾರಿಕೊಂಡವನಿಗೆ ಬ್ಯಾಕಪ್ ಇಲ್ಲ.

ಬಿಜಿಪಿಯ ಬಗ್ಗೆ ನನಗೆ ಭಕ್ತಿಯೇ ಇದೆ. ಇಂಟರ್ನೆಟ್ ವಿಳಾಸ ಹಂಚುವ ಭಾರತದ ಸಂಸ್ಥೆ ಐಆರ್‌ಐಎನ್‌ಎನ್‌ನಿಂದ ನಮ್ಮ ಜಾಲದ ಗುರುತಾದ ಸ್ವಂತ ಎಎಸ್ ನಂಬರು, ಕನಿಷ್ಠ 256 ವಿಳಾಸಗಳ ಗುಂಪು ಪಡೆದು ಲೋಕಕ್ಕೆ ನಮ್ಮ ಹೆಸರು ಸಾರಿದ ದಿನ ಪೇಡ ಹಂಚಿದ್ದೆ. ಆದರೆ ಅದು ಸಾವಧಾನದ ಪ್ರಾಣಿ. ನಡುವಿನ ಸ್ವಿಚ್ ಜೀವಂತವಿದ್ದು ಅದರಾಚೆ ಫೈಬರ್ ಹರಿದರೆ, ನಮ್ಮ ಪೋರ್ಟಿನ ದೀಪ ಹಸಿರಾಗಿಯೇ ಉರಿಯುತ್ತದೆ. ಲೈನ್ ಸತ್ತಿದೆ ಎಂದು ಬಿಜಿಪಿ ಒಪ್ಪುವ ಮುನ್ನ ನಿಯಮಪುಸ್ತಕ ಸೂಚಿಸುವ ಕಾಯುವ ಅವಧಿ 90 ಸೆಕೆಂಡ್, ಎಷ್ಟೋ ರೂಟರ್‌ಗಳಲ್ಲಿ ಮೊದಲೇ ಇಟ್ಟಿರುವುದು 180. ಮೂರು ನಿಮಿಷ ಅಂಗಡಿಯ ಕ್ಯೂಆರ್ ಮುಂದೆ ನಿಂತವನನ್ನು ಕೇಳಿ ನೋಡಿ. ಲೈನ್ ಸತ್ತದ್ದನ್ನು ಬೇಗ ಪತ್ತೆ ಹಚ್ಚುವ ಬಿಎಫ್‌ಡಿ ಹಾಕಿದರೆ ಇದು ಸೆಕೆಂಡಿನೊಳಗೆ ಇಳಿಯುತ್ತದೆ, ಆದರೆ ನಮಗೆ ಲೈನ್ ಕೊಡುವ ಅಪ್‌ಸ್ಟ್ರೀಮ್‌ನವರೂ ಒಪ್ಪಬೇಕು.

ಆ ಗುಂಡಿಯ ನಂತರ ನಾವು ಎರಡನೆಯ ಲೈನನ್ನು ಬೇರೆ ದಾರಿಯ ಕಂಪನಿಗೆ ಬದಲಿಸಿದೆವು. ಬಿಜಿಪಿ ಸೆಷನ್ ಎದ್ದಿತು, ಗ್ರಾಫಿನಲ್ಲಿ ಟ್ರಾಫಿಕ್ ಕಂಡಿತು, ತಿಂಗಳು ತಿಂಗಳು ದುಡ್ಡು ಕಟ್ಟಿದೆವು. ಒಂದು ರಾತ್ರಿ ಎರಡು ಗಂಟೆಗೆ, ನೋಡೇಬಿಡೋಣ ಎಂದು ಮೊದಲ ಲೈನನ್ನು ಕೈಯಾರೆ ಕಿತ್ತೆ. ಎಲ್ಲವೂ ನಿಂತಿತು. ಗ್ರಾಫನ್ನು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು: ಅಲ್ಲಿದ್ದದ್ದು ಹೊರಹೋಗುವ ಟ್ರಾಫಿಕ್ ಮಾತ್ರ. ನಮ್ಮ ವಿಳಾಸಗಳನ್ನು ಆ ಕಂಪನಿ, ಯಾರ ವಿಳಾಸ ಲೋಕಕ್ಕೆ ಸಾರಬೇಕೆಂದು ತೀರ್ಮಾನಿಸುವ ತನ್ನ ಫಿಲ್ಟರಿನಲ್ಲಿ ಸೇರಿಸಿಯೇ ಇರಲಿಲ್ಲ. ಹೋದದ್ದು ಹೊಸ ದಾರಿಯಲ್ಲಿ, ಉತ್ತರ ಬರುತ್ತಿದ್ದದ್ದು ಹಳೆಯ ದಾರಿಯಲ್ಲಿ. ಅಷ್ಟರಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕಟ್ಟಿಯಾಗಿತ್ತು.