ಶಹಾಬಾದ್ ಕಲ್ಲಿಗೆ ಆಸಿಡ್ ಬೇಕೆ?

ಪೀಣ್ಯದ ಹಳೆಯ ಶೆಡ್ಡು, ಗೋದಾಮುಗಳಲ್ಲಿ ಕಾಣುವ ಬೂದು ಚಪ್ಪಡಿ ದೂರದಿಂದ ಬಂದದ್ದು. ಬೆಂಗಳೂರಿನ ಬುಡದಲ್ಲಿರುವುದು ನೈಸು, ಗ್ರಾನೈಟು. ಲಾಲ್‌ಬಾಗ್ ಬಂಡೆಯೇ ಸಾಕ್ಷಿ. ಈ ಚಪ್ಪಡಿ ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಸುಣ್ಣದಕಲ್ಲು. ಅಗ್ಗ, ಗಟ್ಟಿ, ಬೇಸಿಗೆಯಲ್ಲಿ ಕಾಲಿಗೆ ತಂಪು. ಆರಿಸಿದವರು ಜಾಣರೇ. ತೊಳೆಯುವ ಪದ್ಧತಿ ಮಾತ್ರ ಶುದ್ಧ ತಪ್ಪು. ಏಕೆಂದು ತಿಳಿಯಲು ಕಲ್ಲು ಹುಟ್ಟಿದ ಬಗೆಯನ್ನು ನೋಡಬೇಕು.

ಭೀಮಾ ತೀರದ ಆ ಸೀಮೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿತ್ತು. ತಳದಲ್ಲಿ ಕೂತ ಸುಣ್ಣದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದರ ಮೇಲೆ ಕೂತ ಜೇಡಿಪದರ ಮುಂದೆ ಶೇಲ್ ಆಯಿತು. ಮೇಲಿನ ಭಾರಕ್ಕೆ ನೀರು ಹಿಂಡಿಹೋಯಿತು. ಉಳಿದ ಸಂದುಗಳಲ್ಲಿ ಕ್ಯಾಲ್ಸೈಟ್ ಹರಳುಗಟ್ಟಿ ಎಲ್ಲವನ್ನೂ ಬೆಸೆಯಿತು. ಭೂವಿಜ್ಞಾನಿಗಳು ಡಯಾಜೆನೆಸಿಸ್ ಎನ್ನುವುದು ಇದನ್ನೇ. ಕೆಲವು ಚಪ್ಪಡಿಗಳಲ್ಲಿ ಗರಗಸದ ಹಲ್ಲಿನಂತೆ ಸಣ್ಣ ಕಪ್ಪು ಗೆರೆ ಓಡಿರುತ್ತದೆ. ಒತ್ತಡಕ್ಕೆ ಸುಣ್ಣ ಕರಗಿ, ಕರಗದ ಜೇಡಿಯಷ್ಟೇ ಉಳಿದ ಜಾಗ ಅದು.

ಎಲ್ಲ ಸುಣ್ಣದಕಲ್ಲಿಗೂ ಇದೇ ಗತಿಯಿಲ್ಲ. 1974ರಲ್ಲಿ ಎಣ್ಣೆ ಸಿಕ್ಕ ಮುಂಬೈ ಹೈನಲ್ಲಿ ಕಡಲು ಹಿಂದೆ ಸರಿದಾಗ ಮಳೆನೀರು ಸುಣ್ಣವನ್ನು ಕರಗಿಸಿ ರಂಧ್ರ ಕೊರೆಯಿತು, ಆಮೇಲೆ ಶೇಲ್ ಮುಚ್ಚಳವಾಗಿ ಕೂತಿತು. ಹಾಗಾಗಿ ಅಲ್ಲಿ ಎಣ್ಣೆ ನಿಂತಿತು. ಶಹಾಬಾದಿನಲ್ಲಿ ರಂಧ್ರ ಮುಚ್ಚಿದ್ದರಿಂದ ನಮಗೆ ನೆಲಹಾಸು ದಕ್ಕಿತು.

ಮುಚ್ಚಿದ ಆ ರಂಧ್ರಗಳನ್ನು ನಾವೀಗ ಕೈಯಾರೆ ತೆರೆಯುತ್ತಿದ್ದೇವೆ. ಮನೆ ಖಾಲಿಯಾದಾಗಲೋ ಶೆಡ್ಡು ಕೈ ಬದಲಾದಾಗಲೋ ‘ಆಸಿಡ್ ವಾಷ್’ ಮಾಡಿಸುವುದು ರೂಢಿ. ಹೈಡ್ರೋಕ್ಲೋರಿಕ್ ಆಮ್ಲ ಬಿದ್ದ ಕೂಡಲೇ ನೆಲ ನೊರೆಯುಕ್ಕುತ್ತದೆ. ಕೊಳೆ ಬಿಡುತ್ತಿದೆ ಎಂದು ನೋಡುವವರಿಗೆ ಸಮಾಧಾನ. ನಿಜಕ್ಕೂ ಬಿಡುತ್ತಿರುವುದು ಕಲ್ಲು. ಆ ನೊರೆ ಕಾರ್ಬನ್ ಡೈಆಕ್ಸೈಡ್. ಒಣಗಿದ ಮೇಲೆ ಹೊಳಪು ಹೋಗಿ ಮೈ ತರಿತರಿಯಾಗುತ್ತದೆ, ಮುಂದಿನ ಕೊಳೆ ಇನ್ನೂ ಬೇಗ ಹಿಡಿಯುತ್ತದೆ, ಮತ್ತೆ ಆಸಿಡ್. ಅಡುಗೆಮನೆಯ ಕಡಪ ಕಲ್ಲೂ ಸುಣ್ಣದಕಲ್ಲೇ. ನಿಂಬೆರಸ ಬಿದ್ದಲ್ಲಿ ಬಿಳಿಚಿಕೊಳ್ಳುವುದನ್ನು ಗೃಹಿಣಿಯರು ಬಲ್ಲರು.

ಆಮ್ಲದ ತೊಟ್ಟಿಗಳಿರುವ ಪ್ಲೇಟಿಂಗ್ ಘಟಕಗಳಿಗೆ ಈ ಕಲ್ಲು ಹೊಂದುವುದೇ ಇಲ್ಲ; ಅಲ್ಲಿಗೆ ಆಮ್ಲನಿರೋಧಕ ಟೈಲ್ಸೇ ಸರಿ. ಉಳಿದ ಕಡೆ ಬೆಲೆಗೂ ಬಾಳಿಕೆಗೂ ಇದು ಒಳ್ಳೆಯ ಆಯ್ಕೆ. ಸೌಮ್ಯ ಸೋಪಿನ ನೀರು ಸಾಕು. ಹೊಳಪು ಮಾಸಿದರೆ ಪಾಲಿಶ್ ಮಾಡಿಸಿ, ಆಸಿಡ್ ಮಾತ್ರ ಸುರಿಯಬೇಡಿ.