ಬಾಡಿ ಕಟ್ಟಿದವರು ಯಾರು?

ಹೆದ್ದಾರಿಯಲ್ಲಿ ಒಮ್ಮೊಮ್ಮೆ ಬೋಳು ಲಾರಿಯೊಂದು ಎದುರಾಗುತ್ತದೆ. ಎಂಜಿನ್, ಚಕ್ರ, ಎರಡು ಉದ್ದನೆಯ ಉಕ್ಕಿನ ತೊಲೆ, ಅಷ್ಟೆ. ಚಾಲಕ ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಳಿಗೆ ಎದೆಯೊಡ್ಡಿ ಕೂತಿರುತ್ತಾನೆ. ಬಾಡಿ ಕಟ್ಟುವವರ ಶೆಡ್ಡಿಗೆ ಹೊರಟ ಷಾಸಿ ಅದು. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್-ರಾಯ್ಸ್ ಕೂಡ ಕಾರ್ಖಾನೆಯಿಂದ ಹೊರಬೀಳುತ್ತಿದ್ದುದು ಹೀಗೆಯೇ. ಷಾಸಿ ಕೊಂಡವರು ಹೂಪರ್, ಬಾರ್ಕರ್, ಪಾರ್ಕ್ ವಾರ್ಡ್‌ನಂಥವರ ಬಳಿ ಬಾಡಿ ಕಟ್ಟಿಸುತ್ತಿದ್ದರು. ಬಾರ್ಕರ್ ಸಂಸ್ಥೆಯಂತೂ 1710ರಷ್ಟು ಹಳೆಯದು; ಸಾರೋಟು ಕಟ್ಟಿ ಪಳಗಿದ ಕೈಗಳೇ ಮುಂದೆ ಮೋಟಾರಿಗೂ ಒದಗಿದವು.

ಹೀಗಾಗಿ ಆ ಕಾಲದ ಕಾರಿನ ಮುಂದೆ ನಿಂತವರು ಯಾವ ಕಂಪನಿಯದು ಎಂದಷ್ಟೇ ಕೇಳಿದರೆ ಅರ್ಧ ಕಾರು ಮಾತ್ರ ಕಾಣುತ್ತದೆ. ರೇಡಿಯೇಟರ್, ಚಕ್ರ, ಎಂಜಿನ್ ಷಾಸಿಯವರವು. ಬಾನೆಟ್ ಮುಗಿದು ಮುಂಗಾಜು ಶುರುವಾಗುವಲ್ಲಿಂದ ಹಿಂದಕ್ಕೆ ಇನ್ನೊಬ್ಬರ ಕೈಬರಹ. ಕಣ್ಣನ್ನು ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಹರಿಸಬೇಕು: ಸೊಂಟದ ಗೆರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಮಡ್‌ಗಾರ್ಡಿನ ಬಾಗು ಬಾಲದವರೆಗೆ ಹೇಗೆ ಸಾಗಿತು.

ಕೆಲವರ ಕೈ ಬೇಗ ಗುರುತಿಗೆ ಸಿಗುತ್ತದೆ. ಪ್ಯಾರಿಸ್ಸಿನ ಫಿಗೋನಿ ಎ ಫಾಲಾಶಿಯವರು 1937ರ ಹೊತ್ತಿಗೆ ಟಾಲ್ಬೋ-ಲಾಗೋ ಷಾಸಿಯ ಮೇಲೆ ಕಟ್ಟಿದ ಕಾರಿಗೆ ‘ನೀರಹನಿ’ ಎಂದೇ ಹೆಸರಾಯಿತು. ಅದರಲ್ಲಿ ನೆಟ್ಟಗಿನ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಮಿಲಾನಿನ ಟೂರಿಂಗ್‌ನವರು ಸಣ್ಣ ಕೊಳವೆಗಳ ಹಂದರದ ಮೇಲೆ ತೆಳು ಅಲ್ಯುಮಿನಿಯಂ ಹೊದಿಸಿದರು. ಪೈಲಟ್ ಆಗಿದ್ದ ಚಾರ್ಲ್ಸ್ ವೇಮನ್ ಕಂಡುಕೊಂಡ ಬಾಡಿಯೇ ಬೇರೆ: ಮರದ ತುಂಡುಗಳು ಒಂದಕ್ಕೊಂದು ತಾಗದಂತೆ ನಡುವೆ ಉಕ್ಕಿನ ಪಟ್ಟಿ, ಮೇಲೆ ತಗಡಿನ ಬದಲು ಬಟ್ಟೆ. ಹಾಗಾಗಿ ಕಿರ್ರೆನ್ನುವ ಸದ್ದಿಲ್ಲ, ಬಣ್ಣದ ಹೊಳಪೂ ಇಲ್ಲ. ಪ್ರದರ್ಶನದಲ್ಲಿ ಫಳಫಳ ಹೊಳೆಯುವ ಸಾಲಿನ ನಡುವೆ ಮಂಕಾಗಿ ನಿಂತ ಕಾರನ್ನು ದಾಟಿಹೋಗುವ ಮೊದಲು ಇದು ನೆನಪಿರಲಿ.

ಬಾಗಿಲು ತೆರೆದಾಗ ಹೊಸ್ತಿಲಿನ ಪಟ್ಟಿ ನೋಡಬೇಕು. ಕಟ್ಟಿದವರ ಹೆಸರು ಸಾಮಾನ್ಯವಾಗಿ ಅಲ್ಲಿರುತ್ತದೆ. ಆದರೆ ಪಟ್ಟಿಯನ್ನು ಬಿಚ್ಚಿ ಬೇರೆ ಕಾರಿಗೆ ಜಡಿಯಬಹುದು, ಬಾಡಿಯನ್ನೇ ಬದಲಿಸಲೂಬಹುದು. ಅಡ್ಡ-ನೆಟ್ಟ ಗೀಟಿನ ಫಿಲಿಪ್ಸ್ ಸ್ಕ್ರೂ ವಾಹನ ಕಾರ್ಖಾನೆಗಳಿಗೆ ಬಂದದ್ದು 1930ರ ದಶಕದ ನಡುವಿನಲ್ಲಿ. 1928ರದೆನ್ನುವ ಬಾಡಿಯ ಮರದೊಳಗೆ ಅದು ಕಂಡರೆ, ಆಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ರೋಲ್ಸ್-ರಾಯ್ಸ್ ಆದರೆ ಇನ್ನೊಂದು ಆಧಾರವುಂಟು: ಷಾಸಿ ಕಾರ್ಡುಗಳು. ಷಾಸಿ ಯಾರಿಗೆ ಹೋಯಿತು, ಬಾಡಿ ಯಾರದು ಎಂಬುದು ಅವುಗಳಲ್ಲಿ ಬರೆದಿರುತ್ತದೆ.

ಬಾಡಿ ಬದಲಿಸಿದ್ದೆಲ್ಲ ನಕಲಿಯೆಂದು ತಳ್ಳಿಹಾಕುವುದೂ ಅವಸರವೇ. ಲಾಸ್ ಏಂಜಲೀಸ್‌ನ ಪೀಟರ್ಸನ್ ಸಂಗ್ರಹಾಲಯದಲ್ಲಿ 1925ರ ರೋಲ್ಸ್-ರಾಯ್ಸ್ ಫ್ಯಾಂಟಮ್ ಒಂದಿದೆ. ಮೊದಲು ಅದರ ಮೇಲಿದ್ದದ್ದು ಹೂಪರ್ ಕಟ್ಟಿದ ಕ್ಯಾಬ್ರಿಯೋಲೆ. ಆರ್ಡರ್ ಕೊಟ್ಟವರು ಅಮೆರಿಕದವರು, ಕಾರು ಸೇರಿದ್ದು ಮಾತ್ರ ನಮ್ಮ ಉತ್ತರದ ನಾನ್‌ಪಾರಾ ರಾಜರ ಕೈಗೆ. 1934ರಲ್ಲಿ ಅದೇ ಷಾಸಿ ಬೆಲ್ಜಿಯಂನ ಯೋಂಕೀರ್ ಕಾರ್ಖಾನೆ ಸೇರಿ ಹೊಸ ಜನ್ಮ ತಾಳಿತು. ಸುಮಾರು ಆರು ಮೀಟರ್ ಉದ್ದದ ಒಡಲು, ಬೆನ್ನ ಮೇಲೆ ಮೀನಿನಂಥ ರೆಕ್ಕೆ, ಚಂದ್ರನಷ್ಟು ದುಂಡಗಿನ ಬಾಗಿಲು. ದುಂಡು ಬಾಗಿಲಿನೊಳಗೆ ಇಡೀ ಗಾಜು ಇಳಿಯುವುದಾದರೂ ಹೇಗೆ? ಅದನ್ನು ಎರಡಾಗಿ ಸೀಳಿ, ಕತ್ತರಿಯ ಅಲಗಿನಂತೆ ಜಾರಿಸಿದರು. ರೋಲ್ಸ್-ರಾಯ್ಸ್‌ನ ನೆಟ್ಟಗೆ ನಿಲ್ಲುವ ರೇಡಿಯೇಟರನ್ನೂ ಹಿಂದಕ್ಕೆ ಬಾಗಿಸಿದರು. ಅಂದರೆ ಷಾಸಿಯವರದೆಂದು ಬಿಟ್ಟ ಭಾಗಕ್ಕೂ ಇಲ್ಲಿ ಬಾಡಿಯವರ ಕೈ ಚಾಚಿದೆ. ಮೊದಲ ನೋಟಕ್ಕೆ ಅತಿಯಾಯಿತು ಎನ್ನಿಸುತ್ತದೆ. ಕಣ್ಣು ಕೀಳಲು ಮಾತ್ರ ಆಗುವುದಿಲ್ಲ. ಅಷ್ಟೆಲ್ಲ ಗೆರೆಗಳನ್ನು ಕಾಗದದ ಮೇಲೆ ಮೊದಲು ಎಳೆದವರ ಹೆಸರು ಇಂದಿಗೂ ಗೊತ್ತಿಲ್ಲ. ಯೋಂಕೀರ್‌ನ ದಾಖಲೆಗಳು ಬೆಂಕಿಗೆ ಆಹುತಿಯಾದವು.