ಮದ್ರಾಸ್ ಹೈಕೋರ್ಟ್ ಕಂಡ ಗೃಹಿಣಿ

ತಮಿಳುನಾಡಿನ ನೈವೇಲಿಯ ಒಂದು ಸಂಸಾರ. ಗಂಡ 1983ರಿಂದ 1994ರವರೆಗೆ ಸೌದಿ ಅರೇಬಿಯಾದಲ್ಲಿ ದುಡಿದ. ಹೆಂಡತಿ ಊರಲ್ಲಿದ್ದು ಮಕ್ಕಳನ್ನು ಬೆಳೆಸಿದಳು, ಅವನು ಕಳಿಸಿದ ಹಣದಲ್ಲಿ ತನ್ನ ಹೆಸರಿಗೆ ಆಸ್ತಿ ಕೊಂಡಳು. ಮರಳಿ ಬಂದವನು ಅದೆಲ್ಲ ತನ್ನ ಗಳಿಕೆ, ಅವಳದು ಬರೀ ಹೆಸರು ಎಂದು ಕೋರ್ಟಿಗೆ ಹೋದ. ಅವಳ ನಡತೆಯ ಮೇಲೂ ಮಾತು ಬಂತು. ಆಸ್ತಿ ವ್ಯಾಜ್ಯದಲ್ಲಿ ಹೆಣ್ಣಿನತ್ತ ಬೀಸಲು ಮೊದಲು ಕೈಗೆ ಸಿಗುವ ಕಲ್ಲು ಅದೇ. ಗಂಡ ತೀರಿಕೊಂಡ ಮೇಲೂ ಮಕ್ಕಳು ದಾವೆ ಬಿಡಲಿಲ್ಲ. ಕೊನೆಗೆ 2023ರ ಜೂನ್‌ನಲ್ಲಿ ಚೆನ್ನೈಯಲ್ಲಿ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ, ಹೆಂಡತಿ ಮನೆ ನೋಡಿಕೊಂಡದ್ದರಿಂದಲೇ ಗಂಡ ದುಡಿಯಲು ಸಾಧ್ಯವಾಯಿತು, ಆದ್ದರಿಂದ ಅವರ ದಾಂಪತ್ಯದಲ್ಲಿ ಕೂಡಿದ ಆಸ್ತಿಯಲ್ಲಿ ಅವಳಿಗೆ ಸಮಪಾಲು ಎಂದರು. ಹೆಂಡತಿಯ ಇಂಥ ಕೊಡುಗೆಯನ್ನು ಮಾನ್ಯ ಮಾಡುವ ಕಾನೂನು ಇಲ್ಲ, ಮಾನ್ಯ ಮಾಡಬಾರದು ಎನ್ನುವ ಕಾನೂನೂ ಇಲ್ಲ ಎಂಬ ಸಂದಿಯಲ್ಲಿ ಅವರು ದಾರಿ ಮಾಡಿಕೊಂಡರು.

ಆ ಸಂದಿಯೇ ಈ ತೀರ್ಪಿನ ಬಲ. ‘ದುಡ್ಡು ಯಾರು ಕೊಟ್ಟರು?’ ಎಂದು ಕೇಳುವ ಆಸ್ತಿ ಕಾನೂನು ಮೇಲ್ನೋಟಕ್ಕೆ ಯಾರ ಪರವೂ ಅಲ್ಲ. ಅದರಲ್ಲಿ ಗಂಡು ಹೆಣ್ಣಿನ ಸುದ್ದಿಯೇ ಇಲ್ಲ. ಆದರೆ ಆ ಪ್ರಶ್ನೆಗೆ ಸಂಬಳ ಎಣಿಸಿಕೊಳ್ಳುವವರ ಬಳಿ ಮಾತ್ರ ಉತ್ತರವಿದೆ. ಕಾನೂನಿನಲ್ಲಿ ಸ್ತ್ರೀವಾದ ಕೇಳುವುದು ಇದನ್ನೇ: ನಿಯಮ ಬರೆಯುವಾಗ ಯಾರ ಬದುಕನ್ನು ಅಳತೆಗೋಲಾಗಿ ಇಟ್ಟುಕೊಂಡಿರಿ? 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಈ ನಿಮಿಷಗಳಿಗೆ ರಸೀದಿ ಇಲ್ಲ, ಹೀಗಾಗಿ ದಾವೆಯಲ್ಲಿ ಪುರಾವೆಯೂ ಇಲ್ಲ.

ವಿಚಿತ್ರವೆಂದರೆ, ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟುವುದು ನಮ್ಮ ಕಾನೂನಿಗೆ ಹೊಸದೇನಲ್ಲ, ಆಕೆ ರಸ್ತೆಯಲ್ಲಿ ಸತ್ತಿರಬೇಕು ಅಷ್ಟೆ. 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿ, ಸಂಪಾದಿಸದ ಸಂಗಾತಿಯ ಆದಾಯವನ್ನು ಸಂಪಾದಿಸುವವರ ಆದಾಯದ ಮೂರನೇ ಒಂದು ಪಾಲು ಎಂದು ಲೆಕ್ಕ ಹಾಕಿತ್ತು. 2010ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ ಒಂದೇ ಗುಂಪಿಗೆ ಸೇರಿಸಿದ್ದನ್ನು ಎತ್ತಿ ತೋರಿಸಿದರು. 2021ರಲ್ಲಿ ಅದೇ ನ್ಯಾಯಾಲಯ ಇನ್ನಷ್ಟು ಉದಾರವಾಗಿ ಮಾತಾಡಿತು. ಇಷ್ಟಾದರೂ ಇವೆಲ್ಲ ಅಪಘಾತದ ಪರಿಹಾರಗಳು. ಹಣ ಹೋಗುವುದು ಉಳಿದವರಿಗೆ. ಬದುಕಿರುವ ಹೆಂಡತಿಗೆ ಪಾಲು ಕೊಟ್ಟದ್ದು ಚೆನ್ನೈ ತೀರ್ಪಿನ ದೊಡ್ಡ ಹೆಜ್ಜೆ.

ಆದರೆ ತೀರ್ಪು ಅವಳನ್ನು ಹೊಗಳುವ ರೀತಿ ನನಗೆ ಅಷ್ಟು ಒಗ್ಗುವುದಿಲ್ಲ. ಅದರಲ್ಲಿ ಗೃಹಿಣಿ ಮನೆಯ ಮ್ಯಾನೇಜರು, ಅಡುಗೆಯವಳು, ವೈದ್ಯೆ, ಅರ್ಥಶಾಸ್ತ್ರಜ್ಞೆ. ಗಂಡನ ಕೆಲಸ ದಿನಕ್ಕೆ ಎಂಟು ಗಂಟೆಯಾದರೆ ಅವಳದು ಇಪ್ಪತ್ನಾಲ್ಕು, ರಜೆಯೂ ಇಲ್ಲ. ಕೇಳಲು ಹಿತ. ಹಾಗಾದರೆ ಅಡುಗೆ ಬಾರದವಳಿಗೆ? ಕಾಯಿಲೆ ಬಿದ್ದವಳಿಗೆ? ಮನೆಗೆಲಸಕ್ಕೆ ಆಳಿಟ್ಟುಕೊಂಡವಳಿಗೆ? ಪಾಲು ದಾಂಪತ್ಯದಿಂದ ಬರುವ ಹಕ್ಕಾಗದೆ ಒಳ್ಳೆಯ ಹೆಂಡತಿಗೆ ಸಿಗುವ ಬಹುಮಾನವಾದರೆ, ಮುಂದಿನ ದಾವೆಯಲ್ಲಿ ಎದುರು ಪಕ್ಷದ ವಕೀಲರು ಕೆದಕುವುದು ಅವಳ ಅಡುಗೆಮನೆಯನ್ನೇ. ತ್ಯಾಗದ ಸ್ತುತಿ ನಮ್ಮಲ್ಲಿ ಹೊಸದಲ್ಲ. ಅಮ್ಮನನ್ನು ದೇವರೆಂದವರೇ ಪಾಲುಪಟ್ಟಿಯಲ್ಲಿ ಅವಳ ಹೆಸರು ಬಿಟ್ಟದ್ದನ್ನು ಯಾವ ಊರಲ್ಲಿ ಕಂಡಿಲ್ಲ?

ಪಾಲಿನ ವಿಷಯದಲ್ಲಿ ದಕ್ಷಿಣದವರಾದ ನಾವು ಮುಂದಿದ್ದೆವು ಎಂಬ ಹೆಮ್ಮೆ ಸುಳ್ಳಲ್ಲ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಮಾಡಿತು. 1989ರಲ್ಲಿ ತಮಿಳುನಾಡು, 1994ರಲ್ಲಿ ಕರ್ನಾಟಕ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಂತೆ ಹಕ್ಕು ಕೊಟ್ಟವು, ಕೇಂದ್ರ 2005ರಲ್ಲಿ ಎಚ್ಚೆತ್ತಿತು. ಎರಡೂ ರಾಜ್ಯಗಳು ಕಾಯ್ದೆ ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟವು. ಮದುವೆಯಾದವಳು ಆಚೆ ಮನೆಯವಳು ಎಂಬ ಲೆಕ್ಕ ಅದರ ಹಿಂದಿತ್ತು. ಆಚೆ ಮನೆಯಲ್ಲಿ ಅವಳು ಕಟ್ಟಿ ಬೆಳೆಸಿದ್ದರಲ್ಲಿ ಅವಳದೆಷ್ಟು ಎಂದು ಆಗ ಯಾವ ಶಾಸನಸಭೆಯೂ ಹೇಳಲಿಲ್ಲ. ವಿಚ್ಛೇದನದ ಹೊತ್ತಿಗೆ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡುವ ಮಸೂದೆ 2013ರಲ್ಲಿ ರಾಜ್ಯಸಭೆಯನ್ನು ದಾಟಿತು, ಕಾನೂನಾಗಲಿಲ್ಲ.

ಇಷ್ಟಕ್ಕೂ ದಾಂಪತ್ಯದಿಂದಲೇ ಪಾಲು ಬರುವುದನ್ನು ನೋಡಲು ದೂರ ಹೋಗಬೇಕಿಲ್ಲ, ಕಾರವಾರ ದಾಟಿದರೆ ಸಾಕು. ಪೋರ್ಚುಗೀಸರ 1867ರ ಸಿವಿಲ್ ಸಂಹಿತೆ ಉಳಿದಿರುವ ಗೋವಾದಲ್ಲಿ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡಿರ ಆಸ್ತಿ ಒಟ್ಟಾಗಿ ಇಬ್ಬರದೂ, ಅರ್ಧರ್ಧ. ಆ ವ್ಯವಸ್ಥೆಯಲ್ಲೂ ಕುಂದುಗಳಿವೆ, ಆಸ್ತಿಯ ಆಡಳಿತದಲ್ಲಿ ಗಂಡನಿಗೆ ಮೇಲುಗೈ ಇಟ್ಟದ್ದು ಒಂದು. ಆದರೂ ತಾನು ಎಂಥ ಗೃಹಿಣಿ ಎಂದು ನ್ಯಾಯಮೂರ್ತಿಯನ್ನು ಒಪ್ಪಿಸುವ ಹೊರೆ ಅಲ್ಲಿಯ ಹೆಂಡತಿಗಿಲ್ಲ. ಗಡಿಯ ಈಚೆಯವಳು ಚೆನ್ನೈ ತೀರ್ಪನ್ನು ಹಿಡಿದು ಧಾರವಾಡದ ಪೀಠಕ್ಕೆ ಹೋಗಬಹುದು. ಬೇರೆ ರಾಜ್ಯದ ಏಕಸದಸ್ಯ ಪೀಠದ ಮಾತನ್ನು ಅಲ್ಲಿ ಗೌರವದಿಂದ ಕೇಳಿಯಾರು, ಪಾಲಿಸಲೇಬೇಕೆಂದಿಲ್ಲ.